ಚಿ ಬೈಶಿ

ಚಿ ಬೈಶಿ (ಜನವರಿ 1, 1864 – ಸೆಪ್ಟೆಂಬರ್ 16, 1957) ಚೀನಾದ ಸುಪ್ರಸಿದ್ಧ ಮಸಿ ಚಿತ್ರಕಾರರು, ಮುದ್ರೆ ಕೆತ್ತನೆಗಾರರು ಹಾಗೂ ಕವಿ. ಎಲೆಕೋಸು, ಮೂಲಂಗಿ, ಮೆಣಸಿನಕಾಯಿ, ಕೋಳಿಮರಿ, ಏಡಿ, ಸೀಗಡಿ ಮೊದಲಾದ ನಿತ್ಯಜೀವನದ ಸಾಮಾನ್ಯ ವಸ್ತುಗಳನ್ನು ಕುಂಚದ ಕೆಲವೇ ಬೀಸುಗಳಲ್ಲಿ ಜೀವಂತಗೊಳಿಸಿದ್ದು ಇವರ ವೈಶಿಷ್ಟ್ಯ.

ಜೀವನ

ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್‌ನ ಬಡ ರೈತ ಕುಟುಂಬದಲ್ಲಿ ಜನಿಸಿದರು. ಶಾಲೆಗೆ ಹೋದದ್ದು ಅತ್ಯಲ್ಪ ಕಾಲ. ದುರ್ಬಲ ಶರೀರದವರಾದ್ದರಿಂದ ಬೇಸಾಯಕ್ಕೆ ಒಗ್ಗದೆ, ಹದಿಹರೆಯದಲ್ಲಿಯೇ ಬಡಗಿ ವೃತ್ತಿಯನ್ನು ಕಲಿತರು. ಮರದ ಕೆತ್ತನೆ ಮಾಡುತ್ತಿದ್ದಾಗ ದೊರೆತ ಹಳೆಯ ಚಿತ್ರಕಲಾ ಕೈಪಿಡಿಯೊಂದನ್ನು ನಕಲು ಮಾಡುತ್ತ ಚಿತ್ರ ಬರೆಯಲು ಅಭ್ಯಾಸ ಮಾಡಿದರು.

ಐವತ್ತು ದಾಟಿದ ಮೇಲೆ ಬೀಜಿಂಗ್‌ನಲ್ಲಿ ನೆಲೆಸಿದರು. ಆರಂಭದಲ್ಲಿ ಅಲ್ಲಿ ಇವರ ಚಿತ್ರಗಳಿಗೆ ಹೆಚ್ಚಿನ ಬೇಡಿಕೆ ಇರಲಿಲ್ಲ. ಮಿತ್ರ ಚೆನ್ ಶಿಜೆಂಗ್ ಅವರ ಸಲಹೆಯಂತೆ, ಆ ವಯಸ್ಸಿನಲ್ಲಿ ಶೈಲಿಯನ್ನೇ ಬದಲಾಯಿಸಿಕೊಂಡರು. 1922ರಲ್ಲಿ ಚೆನ್ ಅವರು ಜಪಾನಿನ ಪ್ರದರ್ಶನಕ್ಕೆ ಒಯ್ದ ಇವರ ಚಿತ್ರಗಳು ಮಾರಾಟವಾದ ಬಳಿಕ ಖ್ಯಾತಿ ಹರಡಿತು. ಮುಂದೆ ಬೀಜಿಂಗ್ ಜಪಾನೀ ಸೇನೆಯ ವಶದಲ್ಲಿದ್ದಾಗ, ಅಧಿಕಾರಿಗಳಿಗೆ ಚಿತ್ರ ಮಾರುವುದಿಲ್ಲವೆಂಬ ಸೂಚನೆಯನ್ನು ತಮ್ಮ ಮನೆಯ ಬಾಗಿಲಿಗೆ ಅಂಟಿಸಿದ್ದರು.

ಮಸಿ ಮತ್ತು ಕಾಗದ

ಹೊಗೆಯ ಮಸಿಗೆ ಅಂಟು ಬೆರೆಸಿ ಒಣಗಿಸಿದ ಕಡ್ಡಿಯನ್ನು ಕಲ್ಲಿನ ಮೇಲೆ ನೀರಿನೊಡನೆ ತೇಯ್ದು ಬಣ್ಣವನ್ನು ಸಿದ್ಧಪಡಿಸಲಾಗುತ್ತದೆ. ಮರದ ತೊಗಟೆ ಮತ್ತು ಭತ್ತದ ಹುಲ್ಲಿನ ನಾರಿನಿಂದ ತಯಾರಾದ ಷ್ವಾನ್ ಕಾಗದವು ಮಸಿಯನ್ನು ತಕ್ಷಣವೇ ಹೀರಿಕೊಳ್ಳುತ್ತದೆ. ಎಳೆದ ಗೆರೆಯನ್ನು ಅಳಿಸಲಾಗದು, ತಿದ್ದಲಾಗದು. ಆದ್ದರಿಂದ ಸರಳವಾಗಿ ಕಾಣುವ ಚಿತ್ರದ ಹಿಂದೆ ದೀರ್ಘಕಾಲದ ಸಾಧನೆ ಇರುತ್ತದೆ.

ಸೀಗಡಿ ಚಿತ್ರಗಳು

ಸೀಗಡಿಗಳನ್ನು ನೀರಿನಲ್ಲಿ ಸಾಕಿ, ಅವುಗಳ ಚಲನೆಯನ್ನು ಚಿ ಬೈಶಿ ವರ್ಷಗಟ್ಟಲೆ ಗಮನಿಸಿದರು. ತಿಳಿಮಸಿಯಲ್ಲಿ ದೇಹವನ್ನು ಬರೆದು, ಅದು ಆರುವ ಮುನ್ನವೇ ತಲೆಯ ಭಾಗಕ್ಕೆ ಗಾಢಮಸಿಯನ್ನು ತಾಗಿಸಿದಾಗ ಪಾರದರ್ಶಕ ಚಿಪ್ಪಿನ ಭಾವನೆ ಮೂಡುತ್ತದೆ. ಕಾಲಕ್ರಮೇಣ ಕಾಲುಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತ ಹೋದರು. ಆದರೂ ಸೀಗಡಿಯ ಚಲನೆ ಇನ್ನಷ್ಟು ಸ್ಪಷ್ಟವಾಯಿತು. ಈ ಚಿತ್ರಗಳಲ್ಲಿ ನೀರನ್ನು ಬರೆದೇ ಇರುವುದಿಲ್ಲ. ಖಾಲಿ ಬಿಟ್ಟ ಬಿಳಿಯ ಕಾಗದವೇ ನೀರು.

ಕಲಾದೃಷ್ಟಿ

ಚಿತ್ರವು ವಸ್ತುವನ್ನು ಯಥಾವತ್ತಾಗಿ ಹೋಲಿದರೆ ಜನರನ್ನು ಮೆಚ್ಚಿಸುವ ಕೆಲಸವಾಗುತ್ತದೆ, ಸ್ವಲ್ಪವೂ ಹೋಲದಿದ್ದರೆ ವಂಚನೆಯಾಗುತ್ತದೆ. ಇವೆರಡರ ನಡುವೆಯೇ ಕಲೆಯ ಸೊಗಸಿದೆ ಎಂಬುದು ಇವರ ನಿಲುವಾಗಿತ್ತು. 1951ರಲ್ಲಿ ಸಾಹಿತಿ ಲಾವೊ ಶ ಅವರು ಕಪ್ಪೆಗಳ ಕೂಗನ್ನು ಕುರಿತ ಕಾವ್ಯದ ಸಾಲೊಂದನ್ನು ನೀಡಿ ಚಿತ್ರ ಬರೆಯುವಂತೆ ಕೋರಿದರು. ಚಿ ಬೈಶಿ ಒಂದು ಕಪ್ಪೆಯನ್ನೂ ಬರೆಯದೆ, ಬೆಟ್ಟದ ತೊರೆಯಲ್ಲಿ ತೇಲಿಬರುವ ಗೊದಮೊಟ್ಟೆಗಳನ್ನು ಮಾತ್ರ ಚಿತ್ರಿಸಿದರು. ಕೂಗನ್ನು ಊಹಿಸಿಕೊಳ್ಳುವುದು ನೋಡುಗನ ಪಾಲಿಗೆ ಉಳಿಯಿತು.

ಮನ್ನಣೆ ಮತ್ತು ಪ್ರಭಾವ

1953ರಲ್ಲಿ ಚೀನೀ ಕಲಾವಿದರ ಸಂಘದ ಅಧ್ಯಕ್ಷರಾಗಿ ಆಯ್ಕೆಯಾದರು. ಲಿ ಕುಚಾನ್, ಲಿ ಕೆರಾನ್ ಇವರ ಪ್ರಮುಖ ಶಿಷ್ಯರು. 2017ರ ಡಿಸೆಂಬರ್‌ನಲ್ಲಿ ಇವರ ಹನ್ನೆರಡು ಭೂದೃಶ್ಯಪಟಗಳ ಮಾಲೆಯು ಬೀಜಿಂಗ್‌ನ ಹರಾಜಿನಲ್ಲಿ 93.15 ಕೋಟಿ ಯುವಾನ್‌ಗೆ ಮಾರಾಟವಾಯಿತು. ಆದರೆ ಸಾಮಾನ್ಯ ಜನರ ಮನಸ್ಸಿನಲ್ಲಿ ಇವರು ಇಂದಿಗೂ ಸೀಗಡಿ ಮತ್ತು ಎಲೆಕೋಸಿನ ಚಿತ್ರಕಾರರಾಗಿಯೇ ಉಳಿದಿದ್ದಾರೆ.