ಸೊಂಟದಾಗ ಪಿಸ್ತೂಲು, ಕಿಸೆದಾಗ ಲೈಸೆನ್ಸು: ಕಾನೂನು ಏನು ಹೇಳುತ್ತದೆ?

ನವಲಗುಂದ, ಅಣ್ಣಿಗೇರಿ ಕಡೆ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಅಣ್ಣಾರ, ಲೈಸೆನ್ಸ್ ಇದ್ರ ರಿವಾಲ್ವರ್ ಸೊಂಟಕ್ಕ ಸಿಗಿಸ್ಕೊಂಡು ಊರಾಗ ಅಡ್ಡಾಡಬಹುದಲ್ರಿ?"

ಇಲ್ಲ. ಎಲ್ಲರಿಗೂ ಕಾಣುವಂತೆ ಅಡ್ಡಾಡಲು ಬರುವುದಿಲ್ಲ. ಲೈಸೆನ್ಸ್ ಕೊಡುವುದು ಬಂದೂಕು ಇಟ್ಟುಕೊಳ್ಳಲಿಕ್ಕೆ, ತೋರಿಸಲಿಕ್ಕೆ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಇದನ್ನು ಬಿಡಿಸಿ ಹೇಳಿವೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಹೋಲ್‌ಸ್ಟರ್‌ನಲ್ಲೋ ಚೀಲದಲ್ಲೋ ಮೈಗೆ ಅಂಟಿಕೊಂಡಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಹೊರಗೆ ತೆಗೆದು ಝಳಪಿಸುವಂತಿಲ್ಲ, ಗಾಳಿಯಲ್ಲಿ ಗುಂಡು ಹಾರಿಸುವಂತಿಲ್ಲ. ಮೀರಿದರೆ ಲೈಸೆನ್ಸ್ ಹೋಗುತ್ತದೆ, ಕೇಸೂ ಬೀಳುತ್ತದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಪಿಸ್ತೂಲು ಕಾಣುವಂತೆ ಕಟ್ಟಿಕೊಂಡು ಅಂಗಡಿಗೆ ಹೋಗಬಹುದು. ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿಯೇ ಶಸ್ತ್ರ ಹೊಂದುವುದನ್ನು ಹಕ್ಕು ಎನ್ನುತ್ತದೆ. ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಶಸ್ತ್ರದ ಮಾತು ಬರುವುದು ಉಲ್ಟಾ ಅರ್ಥದಲ್ಲಿ. 19(1)(ಬಿ) ವಿಧಿ ನಮಗೆ ಶಾಂತಿಯುತವಾಗಿ, ಶಸ್ತ್ರವಿಲ್ಲದೆ ಸಭೆ ಸೇರುವ ಹಕ್ಕು ಕೊಡುತ್ತದೆ. ಪರವಾನಗಿ ಇಲ್ಲದ ಬಂದೂಕುಗಳ ಹಾವಳಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಾಗಲೂ ನ್ಯಾಯಪೀಠ ಈ ಫರಕನ್ನೇ ಎತ್ತಿ ಹೇಳಿತು.

ಹಾಗಂತ ಬಂದೂಕು ನಮ್ಮ ಭಾಗಕ್ಕೆ ಬರೀ ಸಿನಿಮಾದಿಂದ ಬಂದ ಶೋಕಿ ಅಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಊರೂರಿನ ಆಯುಧ ಕಸಿಯಲು ಹೊರಟಾಗ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದು ತಿರುಗಿಬಿದ್ದರು. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಮರುವರ್ಷ ನವಲಗುಂದದ ಮಗ್ಗುಲಲ್ಲೇ ಇರುವ ನರಗುಂದದಲ್ಲಿ ಬಾಬಾಸಾಹೇಬ ದಂಗೆ ಎದ್ದ. 1878ರ ಆರ್ಮ್ಸ್ ಆಕ್ಟ್ ಬಿಳಿಯರಿಗೆ ವಿನಾಯಿತಿ ಕೊಟ್ಟು ನಮ್ಮವರ ಕೈ ಕಟ್ಟಿತು. ಈಗ ಜಾರಿಯಲ್ಲಿರುವುದು 1959ರ ಕಾಯ್ದೆ. ಅದನ್ನೂ ಪರಕೀಯರ ಕಾಯ್ದೆಯ ಕಣ್ಣಲ್ಲೇ ನೋಡುವ ಗೆಳೆಯರು ನನಗಿದ್ದಾರೆ. "ಕೊಡವರಿಗೆ ಲೈಸೆನ್ಸೇ ಬೇಡ, ನಮಗ್ಯಾಕ ಬೇಕು?" ಅಂತ ಅವರ ವಾದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದರು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಕೊಡಗಿನ ಆಚೆ ನಮಗೆ ಅನ್ವಯಿಸುವುದಿಲ್ಲ, ಅಷ್ಟೇ.

ನನಗೆ ಹೆಚ್ಚು ಮುಖ್ಯ ಅನಿಸುವ ಪ್ರಶ್ನೆ ಬೇರೆ: ನಮ್ಮ ಹಳ್ಳಿಯಲ್ಲಿ ಬಂದೂಕು ಯಾರಿಗೆ ನಿಜವಾಗಿ ಬೇಕು, ಸಿಗುವುದು ಯಾರಿಗೆ?

ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಸ್ವಲ್ಪ ಆಶ್ಚರ್ಯವಾಗುತ್ತದೆ. ಬೆಳೆ ಕಾಯಲು ರೈತ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ಅಥವಾ ರಕ್ಷಣೆಗೆ 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು ಕೇಳಿದರೆ, ನಿರಾಕರಿಸಲು 14ನೇ ಸೆಕ್ಷನ್ನಿನ ಕಾರಣಗಳಿಲ್ಲದಿದ್ದರೆ ಅಧಿಕಾರಿ ಲೈಸೆನ್ಸ್ ಕೊಡಬೇಕು. ಪಿಸ್ತೂಲು, ರಿವಾಲ್ವರಿಗೆ ಹಾಗಲ್ಲ. ಅರ್ಜಿದಾರನಿಗೆ ತಕ್ಕ ಕಾರಣ ಇದೆಯೆಂದು ಅಧಿಕಾರಿಗೆ ಮನವರಿಕೆ ಆಗಬೇಕು. ಅಂದರೆ ಕಾಯ್ದೆಯ ಒಲವು ಹೊಲ ಕಾಯುವವನ ಕಡೆಗಿದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದೂ 14ನೇ ಸೆಕ್ಷನ್ ಹೇಳುತ್ತದೆ. ಆದರೆ ಊರಲ್ಲಿ ಕಣ್ಣಿಗೆ ಬೀಳುವುದು ಗುತ್ತಿಗೆದಾರನ, ರಿಯಲ್ ಎಸ್ಟೇಟ್ ಧಣಿಯ, ಪುಢಾರಿಯ ರಿವಾಲ್ವರು. ಗ್ರಾಮ ಪಂಚಾಯ್ತಿ ಸಭೆಯಲ್ಲಿ ಅಂಗಿ ಸ್ವಲ್ಪ ಮೇಲೆ ಸರಿದು ಅದು ಕಂಡರೆ ಸಾಕು. ಅವನು ಯಾರಿಗೂ ಧಮಕಿ ಹಾಕಬೇಕಿಲ್ಲ, ಲೆಕ್ಕ ಕೇಳಲು ಎದ್ದವನು ತಾನೇ ಕೂತುಬಿಡುತ್ತಾನೆ. "ಪೂರ್ತಿ ಮುಚ್ಚಿರಬೇಕು" ಎಂಬ ನಿಯಮ ಕ್ಷುಲ್ಲಕ ಅಲ್ಲ ಎಂದು ನಾನು ಹೇಳುವುದು ಇದಕ್ಕೇ. ತೋರಿಸಿ ಹೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್, ಅಂದರೆ ಕ್ರಿಮಿನಲ್ ಬೆದರಿಕೆ, ಬೇರೆಯೇ ಕೇಸು.

ಹೊಲದ ಮಾತೂ ಸಲೀಸಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಹೆಸರು, ಕಡಲೆಯ ಎಳೆ ಬೆಳೆಯನ್ನು ಚಿಗರಿ ಹಿಂಡು ಮೇಯ್ದು ಹೋಗುವುದು ರೈತರಿಗೆ ಹೊಸ ಸುದ್ದಿಯಲ್ಲ. ಆದರೆ ಅದು ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದ ಪ್ರಾಣಿ, ಕೊಂದರೆ 3ರಿಂದ 7 ವರ್ಷ ಜೈಲು. ಕಲಘಟಗಿಯ ಕಾಡಂಚಿನಲ್ಲಿ ಗೋವಿನಜೋಳಕ್ಕೆ ನುಗ್ಗುವ ಹಂದಿಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಹೀಗಾಗಿ ಬೆಳೆ ರಕ್ಷಣೆಯ ಬಂದೂಕು ಕೈಗೆ ಬಂದರೂ ಅದರಿಂದ ಆಗುವುದು ಸದ್ದು ಮಾತ್ರ. ರೈತನಿಗೆ ಬೇಕಾದ್ದು ಪರಿಹಾರ, ಬೇಲಿ. ಲೈಸೆನ್ಸ್ ಅಲ್ಲ.

ಹೊಲದಲ್ಲಿ ಮೆಣಸಿನಕಾಯಿ ಕದಿಯುವವನ ಮೇಲೆ ಗುಂಡು ಹಾರಿಸಬಹುದೇ? ಬರೀ ಕಳ್ಳತನ ತಡೆಯಲು ಕೊಲ್ಲುವ ಹಕ್ಕನ್ನು ಆತ್ಮರಕ್ಷಣೆಯ ಕಾನೂನು ಕೊಡುವುದಿಲ್ಲ. ಪ್ರಾಣಕ್ಕೋ ಗಂಭೀರ ಗಾಯಕ್ಕೋ ದಾರಿಯಾಗುವ ಭಯಕ್ಕೆ ಕಾರಣ ಇರಬೇಕು, ಇಲ್ಲವೇ ದರೋಡೆ, ರಾತ್ರಿ ಮನೆ ಒಡೆಯುವುದು ಇಂಥ ಕೆಲವೇ ಸಂದರ್ಭ. ಲೈಸೆನ್ಸ್ ಇದ್ದವನಿಗೂ ಇಲ್ಲದವನಿಗೂ ಈ ಅಳತೆ ಒಂದೇ.

"ಜೀವಕ್ಕ ಬೆದರಿಕೆ ಐತಿ" ಎಂದು ಪಿಸ್ತೂಲು ಕೇಳುವವರಿಗೆ ನಾನು ನೆನಪಿಸುವುದು ಎಂ.ಎಂ. ಕಲಬುರ್ಗಿ ಅವರನ್ನು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆಗೇ ಬಂದು ಗುಂಡಿಕ್ಕಿ ಕೊಂದರು. ಬಳಕೆಯಾದದ್ದು 7.65 ಎಂಎಂ ನಾಡ ಪಿಸ್ತೂಲು. 2017ರಲ್ಲಿ ಗೌರಿ ಲಂಕೇಶ್ ಹತ್ಯೆಗೂ ಅದೇ ಪಿಸ್ತೂಲು ಬಳಸಿದ್ದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಗೊತ್ತಾಯಿತು. ಬಾಗಿಲಿಗೆ ಬಂದ ಅಪರಿಚಿತ ಹುಡುಗನ ಎದುರು ಸೊಂಟದ ರಿವಾಲ್ವರು ಏನು ಮಾಡೀತು? ತಡೆಯಬೇಕಾದದ್ದು ನಾಡ ಪಿಸ್ತೂಲಿನ ಜಾಲವನ್ನು. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2, ಗರಿಷ್ಠ 5 ವರ್ಷ ಜೈಲು. ತಯಾರಿಸಿದರೆ, ಮಾರಿದರೆ 7 ವರ್ಷದಿಂದ ಜೀವಾವಧಿವರೆಗೆ.

ಇಷ್ಟಾದ ಮೇಲೂ ಬೇಕು ಅನ್ನುವವರಿಗೆ ವಿಷಯ ಹೀಗಿದೆ. ವಯಸ್ಸು 21 ತುಂಬಿರಬೇಕು. ಹುಬ್ಬಳ್ಳಿ-ಧಾರವಾಡ ನಗರದವರು ಪೊಲೀಸ್ ಕಮಿಷನರಿಗೆ, ಹಳ್ಳಿಯವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಠಾಣೆಯಿಂದ ವರದಿ ಹೋಗುತ್ತದೆ, ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ. ಮಹದಾಯಿ ಹೋರಾಟದಲ್ಲಿ ರಸ್ತೆಗಿಳಿದು ಕೇಸು ಹಾಕಿಸಿಕೊಂಡ ರೈತನಿಗೆ ಆ ವರದಿ ಹೇಗೆ ಬಂದೀತು, ಪುಢಾರಿಯ ಮಗನಿಗೆ ಹೇಗೆ ಬಂದೀತು ಎಂಬುದನ್ನು ನೀವೇ ಊಹಿಸಿ. ನಿರಾಕರಿಸಿದರೆ ಕಾರಣ ಬರಹದಲ್ಲಿ ಕೇಳಿ ಪಡೆಯಿರಿ, 18ನೇ ಸೆಕ್ಷನ್ನಿನಡಿ ಮೇಲ್ಮನವಿಗೆ ಅವಕಾಶ ಇದೆ. ಸಿಕ್ಕಿದ ಲೈಸೆನ್ಸ್ 5 ವರ್ಷಕ್ಕೆ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ.

ಲೈಸೆನ್ಸ್ ಪುಸ್ತಕದಲ್ಲಿನ ಷರತ್ತುಗಳನ್ನು ಓದುವವರು ಕಡಿಮೆ. ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ-ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ. ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನದ ಪಾಳಿಯಲ್ಲಿ ನಿಮ್ಮ ಪಿಸ್ತೂಲು ಮುಚ್ಚಿದ್ದರೂ ತಪ್ಪೇ. ಡ್ರೈವರಿನ ಕೈಗೆ, ಮಗನ ಕೈಗೆ "ಸ್ವಲ್ಪ ಹಿಡಕೋ" ಅಂತ ಕೊಡುವುದೂ ತಪ್ಪು, ಅವರ ಹೆಸರು ಲೈಸೆನ್ಸಿನಲ್ಲಿ ಇಲ್ಲದಿದ್ದರೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ರೀಲ್ಸ್ ಮಾಡುವವರಿಗೆ ಒಂದು ಮಾತು: ಆ ವಿಡಿಯೋ ನೀವೇ ಪೊಲೀಸರಿಗೆ ಬರೆದುಕೊಟ್ಟ ಸಾಕ್ಷಿ.

ಚುನಾವಣೆ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸುವ ಆದೇಶ ಬರುತ್ತದೆ. ಚುನಾವಣಾ ಆಯೋಗ ಹೇಳುವುದು ಸಾರಾಸಗಟಾಗಿ ಎಲ್ಲರದನ್ನೂ ಕಸಿಯಿರಿ ಎಂದಲ್ಲ. ಜಾಮೀನಿನ ಮೇಲೆ ಇರುವವರು, ಹಿಂದೆ ಗಲಭೆಯಲ್ಲಿದ್ದವರು ಇಂಥವರನ್ನು ಒಂದು ಸಮಿತಿ ಪರಿಶೀಲಿಸಿ ತೀರ್ಮಾನಿಸಬೇಕು. ವಿನಾಯಿತಿ ಬೇಕಾದರೆ ಆ ಸಮಿತಿಗೆ ಕಾರಣ ಸಮೇತ ಅರ್ಜಿ ಕೊಡಿ. ಒಪ್ಪಿಸಿದಾಗ ರಸೀದಿ ತಗೊಳ್ಳಿ, ಅದರಲ್ಲಿ ಬಂದೂಕಿನ ನಂಬರು, ತೋಟಾಗಳ ಲೆಕ್ಕ ಸರಿ ಇದೆಯಾ ನೋಡಿಕೊಳ್ಳಿ.

ಅಪ್ಪ ತೀರಿಕೊಂಡ ಮೇಲೆ ಅವರ ಬಂದೂಕನ್ನು ಅಟ್ಟದ ಮೇಲೆ ಇಟ್ಟು ಮರೆತುಬಿಡುವ ಮನೆಗಳೂ ನಮ್ಮಲ್ಲಿವೆ. ಲೈಸೆನ್ಸ್ ಅವರ ಹೆಸರಿನದು, ಅವರೊಂದಿಗೇ ಮುಗಿಯಿತು. ಆ ಬಂದೂಕನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಿ, ವಾರಸುದಾರರಲ್ಲಿ ಯಾರಿಗಾದರೂ ಬೇಕಿದ್ದರೆ ಅವರ ಹೆಸರಿನಲ್ಲಿ ಹೊಸ ಅರ್ಜಿ ಹಾಕಿ.