ಉಪ್ಪು ಕಳೆದುಕೊಂಡು ಕಲಿಯುವ ಆಟ

ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಕನ್ನಡದ ಮನೆಗಳಿಗೂ ವಿಡಿಯೋ ಆಟಗಳು ಬಂದು ಸೇರಿವೆ. ಅವುಗಳನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳುವುದು ಒಂದು ದಾರಿ. ಅವು ಏನನ್ನು ಕಲಿಸುತ್ತವೆ, ಏನನ್ನು ಕೆಡಿಸುತ್ತವೆ ಎಂದು ವಿಚಾರಿಸಿ ನೋಡುವುದು ಇನ್ನೊಂದು. ಕಲಿಸುವ ವೃತ್ತಿಯವರಿಗೆ ಎರಡನೆಯದೇ ತಕ್ಕುದು. ಆದುದರಿಂದ ಕಠಿನವೆಂದು ಹೆಸರಾದ ಒಂದು ಆಟದ ಗುಣದೋಷಗಳನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಆಟದ ಹೆಸರು ‘ಸಾಲ್ಟ್ ಆ್ಯಂಡ್ ಸ್ಯಾಂಕ್ಚುಯರಿ’. ಎಂದರೆ ಉಪ್ಪು ಮತ್ತು ಆಶ್ರಯಸ್ಥಾನ. ಅಮೆರಿಕದ ಜೇಮ್ಸ್ ಸಿಲ್ವ, ಮಿಶೆಲ್ ಸಿಲ್ವ ದಂಪತಿಗಳ ‘ಸ್ಕಾ ಸ್ಟುಡಿಯೋಸ್’ ಎಂಬ ಪುಟ್ಟ ಸಂಸ್ಥೆ ಇದನ್ನು 2016ರಲ್ಲಿ ಹೊರತಂದಿತು. ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದರ ರೂಪವನ್ನು ವಿವರಿಸುವುದು ಸುಲಭ. ಬೊಂಬೆಗಳು ಪರದೆಯ ಮೇಲೆ ಎಡಬಲಕ್ಕೂ ಮೇಲೆಕೆಳಕ್ಕೂ ಚಲಿಸುತ್ತವೆಯೇ ಹೊರತು ಒಳಕ್ಕೆ ಹೋಗವು. ಇಲ್ಲಿ ಬೊಂಬೆಯ ಸೂತ್ರ ಆಡುವವನ ಕೈಯಲ್ಲಿದೆ. ಬೊಂಬೆಯ ಪಾತ್ರವೂ ಅವನದೇ.

ಎರಡು ರಾಜ್ಯಗಳ ಯುದ್ಧವನ್ನು ನಿಲ್ಲಿಸಲೆಂದು ರಾಜಕುಮಾರಿಯೊಬ್ಬಳನ್ನು ಮದುವೆಗೆ ಹಡಗಿನಲ್ಲಿ ಕರೆದೊಯ್ಯಲಾಗುತ್ತಿರುತ್ತದೆ. ಹಡಗು ಮುಳುಗುತ್ತದೆ. ಅದರಲ್ಲಿದ್ದವನೊಬ್ಬ ಭಯಾನಕ ದ್ವೀಪವೊಂದರ ತೀರದಲ್ಲಿ ಕಣ್ತೆರೆಯುತ್ತಾನೆ. ಅಲ್ಲಿಂದ ಆಟ ಆರಂಭ.

ವೈರಿಗಳನ್ನು ಗೆದ್ದರೆ ಉಪ್ಪು ದೊರೆಯುತ್ತದೆ. ಆಶ್ರಯಸ್ಥಾನಕ್ಕೆ ಮರಳಿ, ಆ ಉಪ್ಪನ್ನು ವ್ಯಯಿಸಿ ಬಲವನ್ನು ಹೆಚ್ಚಿಸಿಕೊಳ್ಳಬೇಕು. ದಾರಿಯಲ್ಲಿ ಸತ್ತರೆ ಕೂಡಿಟ್ಟ ಉಪ್ಪು ಕೊಂದ ವೈರಿಯ ಪಾಲು. ಅವನನ್ನೇ ಹುಡುಕಿ ಸೋಲಿಸಿದರೆ ಅದು ಮರಳಿ ಬರುತ್ತದೆ; ಅಷ್ಟರಲ್ಲಿ ಮತ್ತೊಮ್ಮೆ ಸತ್ತರೆ ಹೋದದ್ದು ಹೋದಂತೆಯೇ. ಈ ಕಟ್ಟುನಿಟ್ಟು ಜಪಾನಿನ ‘ಡಾರ್ಕ್ ಸೋಲ್ಸ್’ (2011) ಆಟದಿಂದ ಬಂದದ್ದು.

ಆಟದ ಮುಖ್ಯ ಗುಣವೂ ಇದೇ. ಪ್ರತಿಯೊಂದು ಏಟಿಗೂ ದಮ್ಮು ಖರ್ಚಾಗುತ್ತದೆ. ಭಾರವಾದ ಕವಚ ತೊಟ್ಟವನು ಚುರುಕಾಗಿ ತಪ್ಪಿಸಿಕೊಳ್ಳಲಾರ. ಆತುರಗಾರನಿಗೆ ಇಲ್ಲಿ ಜಯವಿಲ್ಲ. ಶಿಕ್ಷಕರ ತರಬೇತಿಯಲ್ಲಿ ನಾವು ಓದಿದ ಥಾರ್ನ್‌ಡೈಕನ ಬೆಕ್ಕು ಪಂಜರದೊಳಗೆ ತಡಕಾಡಿ ತಡಕಾಡಿ ಬಾಗಿಲನ್ನು ತೆರೆಯಲು ಕಲಿಯಿತು. ಇಲ್ಲಿ ತಡಕಾಟವಷ್ಟೇ ಸಾಲದು. ವೈರಿ ಕೈಯೆತ್ತುವ ಬಗೆಯನ್ನು ಗಮನಿಸಿ, ತನ್ನ ಸೋಲಿನ ಕಾರಣವನ್ನು ತಾನೇ ಕಂಡುಕೊಳ್ಳಬೇಕು.

ದೋಷಗಳೂ ಉಂಟು. ದ್ವೀಪವೆಲ್ಲ ಬೂದುಬಣ್ಣ, ರಕ್ತಪಾತ ಧಾರಾಳ. ಎಳೆಯ ಮಕ್ಕಳಿಗೆ ಇದು ಸಲ್ಲದು. ಅದೇ ಹಾದಿಯನ್ನು ಹತ್ತಾರು ಸಲ ತುಳಿಯುವಾಗ ಕಲಿಕೆ ಹಿಂದೆ ಬಿದ್ದು ಬರಿಯ ಹಟ ಉಳಿಯುವುದುಂಟು. ಓದಿನ ಹೊತ್ತನ್ನೂ ನಿದ್ರೆಯನ್ನೂ ನುಂಗುವುದು ಈ ಹಟವೇ. ಕಥೆಯ ಎಳೆಗಳು ಚುಟುಕು ಮಾತುಗಳಲ್ಲಿಯೂ ವಸ್ತುಗಳ ವಿವರಣೆಯಲ್ಲಿಯೂ ಚದುರಿವೆ, ಅದೂ ಕನ್ನಡದಲ್ಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಇಷ್ಟು ಜಟಿಲವಾದ ದ್ವೀಪಕ್ಕೆ ಆಟದೊಳಗೆ ನಕ್ಷೆಯೇ ಇಲ್ಲ.

ಆದರೆ ಈ ಕೊರತೆಯನ್ನೇ ಮನೆಯವರು ಬಳಸಿಕೊಳ್ಳಬಹುದು. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನು ಓದುತ್ತಾರೆ, ಪರದೆಯಲ್ಲಿ ಇಂಗ್ಲಿಷನ್ನು ಕಾಣುತ್ತಾರೆ. ಕನ್ನಡಕ್ಕೆ ಉಳಿದಿರುವುದು ಅಡಿಗೆಮನೆಯ ನಾಲ್ಕು ಮಾತು. ಪ್ರೌಢಶಾಲೆಯ ಮೇಲಿನ ತರಗತಿಯ ಮಗನೋ ಮಗಳೋ ಇಂಥ ಆಟವಾಡುತ್ತಿದ್ದರೆ, ತಾವು ನಡೆದ ದಾರಿಯ ನಕ್ಷೆಯನ್ನು ಕಾಗದದ ಮೇಲೆ ಬರೆಯುವಂತೆ ಹೇಳಿರಿ. ಕೋಟೆ, ಕಾಡು, ಗುಹೆಗಳಿಗೆ ಕನ್ನಡದ ಹೆಸರನ್ನಿಡಲಿ. ಎಲ್ಲಿ ಸೋತರು, ಏಕೆ ಸೋತರು ಎಂಬುದನ್ನು ರಾತ್ರಿಯ ಊಟದ ಹೊತ್ತಿಗೆ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಹುಲಿ-ಕುರಿ ಆಟದಲ್ಲಿ ಹುಲಿಯನ್ನು ಕಟ್ಟಿಹಾಕಿದ ಅಜ್ಜಿಗೆ ಉಪಾಯದ ಮಾತು ಹೊಸದೇನಲ್ಲ.

ಈ ಆಟವನ್ನು ಒಂದೇ ಪರದೆಯ ಮುಂದೆ ಇಬ್ಬರು ಜೊತೆಯಾಗಿ ಆಡಲೂ ಬರುತ್ತದೆ. ತಂದೆತಾಯಿಗಳು ಗಂಟೆಯ ಮಿತಿಯೊಂದನ್ನು ಗೊತ್ತುಮಾಡಿ, ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕುಳಿತು ಆಡಲಿ. ಅವರು ಸೋಲುವುದು ಖಂಡಿತ. ಆಗ ದಾರಿ ತೋರಿಸುವ ಸರದಿ ಮಕ್ಕಳದು. ಆ ದಾರಿಯನ್ನು ಅವರು ಕನ್ನಡದಲ್ಲಿಯೇ ತೋರಿಸಬೇಕಾಗುತ್ತದೆ.