ಹಿನ್ನೀರಿನಾಚೆಯ ತವರು

ಬೇಸಗೆಯ ರಜೆಯೆಂದೊಡನೆ ಯೂರೋಪಿನ ಜನರಿಗೆ ಮೆಡಿಟರೇನಿಯನ್ ಸಮುದ್ರದ ದ್ವೀಪಗಳು ನೆನಪಾಗುತ್ತವೆ. ಮಾಲ್ಟಾ, ಕ್ಯಾಪ್ರಿ, ಮಜೋರ್ಕಾ ಎಂಬ ಹೆಸರುಗಳನ್ನು ನುಡಿಯುವಾಗಲೇ ನೀಲಿಯ ನೀರೂ, ದಡ ಬಿಡುವ ಹಡಗೂ, ಆಚೆಯ ದಡದಲ್ಲಿ ಕಾದು ನಿಂತವರೂ ಅವರ ಕಣ್ಣ ಮುಂದೆ ಸುಳಿಯುತ್ತಾರೆ. ಸಮುದ್ರವನ್ನೇ ಕಂಡರಿಯದ ತೊಗರ್ಸಿಯ ಮಕ್ಕಳಿಗೂ ಇಂತಹುದೇ ಒಂದು ದ್ವೀಪದ ನೆನಪು ಇರಬಲ್ಲುದೆಂದರೆ ಓದುಗರಿಗೆ ಸೋಜಿಗವಾದೀತು. ಆದರೆ ತಾಯಿಯ ತವರುಮನೆ ಸಾಗರ ತಾಲ್ಲೂಕಿನ ಕರೂರು ಸೀಮೆಯಲ್ಲಿದ್ದ ಮಕ್ಕಳಿಗೆ ಆ ಭಾಗ್ಯವಿತ್ತು. ಶರಾವತಿಯ ಹಿನ್ನೀರಿನಾಚೆ ತುಮರಿ, ಬ್ಯಾಕೋಡು, ಕಳಸವಳ್ಳಿ, ಸಿಗಂದೂರು ಮೊದಲಾದ ಹಳ್ಳಿಗಳಿರುವ ಆ ನೆಲವನ್ನು ಸುತ್ತಿನ ಜನರು ಕರೆಯುವುದೇ ‘ದ್ವೀಪ’ವೆಂದು.

ತೊಗರ್ಸಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪ. ಸೊರಬದ ಸೀಮೆಯೂ ದೂರವಲ್ಲ. ಮಲೆನಾಡು ಮುಗಿದು ಬಯಲು ಮೊದಲಾಗುವ ನೆಲವದು. ಮಲ್ಲಿಕಾರ್ಜುನನ ಪುರಾತನ ದೇವಾಲಯ, ಅದರ ಸುತ್ತ ಊರು, ಊರಿನ ಸುತ್ತ ಗದ್ದೆ. ಅಲ್ಲಿ ನೀರೆಂದರೆ ಕೆರೆಯ ನೀರು. ಆ ಸೀಮೆಯದೇ ಆದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿರುವ ಕದಂಬರ ಐದನೆಯ ಶತಮಾನದ ಕಂಬದ ಶಾಸನವು ಕಾಕುಸ್ಥವರ್ಮನು ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ಸಾರುತ್ತದೆ. ಒಂದೂವರೆ ಸಾವಿರ ವರ್ಷಗಳಿಂದ ಈ ನಾಡಿನವರು ತಮ್ಮ ಊರಿಗೆ ಬೇಕಾದ ನೀರನ್ನು ತಮ್ಮ ಊರಿನಲ್ಲಿಯೇ ಕಟ್ಟಿ ನಿಲ್ಲಿಸಿಕೊಂಡವರು. ಅಂತಹ ಕೆರೆಗಳಲ್ಲಿ ಈಜು ಕಲಿತ ಮಕ್ಕಳು, ಊರೂರನ್ನೇ ಒಳಗಿರಿಸಿಕೊಂಡ ಇನ್ನೊಂದು ಬಗೆಯ ನೀರನ್ನು ಕಾಣುತ್ತಿದ್ದುದು ವರ್ಷಕ್ಕೊಮ್ಮೆ, ಅಜ್ಜನ ಮನೆಯ ದಾರಿಯಲ್ಲಿ.

1970 ಮತ್ತು 1980ರ ದಶಕಗಳ ಮಾತು. ಏಪ್ರಿಲ್ 10ರಂದು ಶಾಲೆಯಲ್ಲಿ ಪಾಸಾದವರ ಹೆಸರುಗಳನ್ನು ಓದಿ ಮುಗಿಸಿದರೆಂದರೆ ಮರುದಿನ ಬೆಳಗಿನ ಜಾವವೇ ಮನೆಯಲ್ಲಿ ಗಡಿಬಿಡಿ. ತಗಡಿನ ಟ್ರಂಕು, ಬಟ್ಟೆಯ ಚೀಲ, ತವರಿಗೆಂದು ಕಟ್ಟಿಸಿಕೊಂಡ ಬೆಲ್ಲ. ಬಸ್ಸು ಶಿರಾಳಕೊಪ್ಪಕ್ಕೆ, ಅಲ್ಲಿಂದ ಸೊರಬಕ್ಕೆ, ಅಲ್ಲಿಂದ ಸಾಗರಕ್ಕೆ. ಸಾಗರದಲ್ಲಿ ಮತ್ತೊಂದು ಬಸ್ಸು ಹಿಡಿದು ಆವಿನಹಳ್ಳಿಯನ್ನು ದಾಟಿದರೆ ದಾರಿ ಇಳಿಯುತ್ತ ಇಳಿಯುತ್ತ ಹೊಳೆಬಾಗಿಲಿಗೆ ಬಂದು ನೀರಿನೆದುರು ನಿಂತುಬಿಡುತ್ತಿತ್ತು. ಮುಂದೆ ರಸ್ತೆಯಿಲ್ಲ. ‘ಲಾಂಚು ಬಂತು!’ ಎಂದು ಮೊದಲು ಕೂಗಿದವನೇ ಆ ದಿನದ ವೀರ.

ಲಾಂಚು ದಡ ಬಿಟ್ಟು ನಡುನೀರಿಗೆ ಬಂದಾಗ ಮಕ್ಕಳು ನೀರನ್ನು ನೋಡುತ್ತಿದ್ದರು. ಸ್ವಲ್ಪ ದೊಡ್ಡವರಾದ ಹೆಣ್ಣುಮಕ್ಕಳು ತಾಯಿಯ ಮುಖವನ್ನು ನೋಡುತ್ತಿದ್ದರು. ಈಚೆಯ ದಡದಲ್ಲಿ ತಲೆಯ ಮೇಲೆ ಸೆರಗು ಹೊದ್ದು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದ ತೊಗರ್ಸಿಯ ಸೊಸೆ, ಆಚೆಯ ದಡ ಹತ್ತಿರವಾದಂತೆ ಸೆರಗನ್ನು ಹೆಗಲಿಗೆ ಇಳಿಬಿಟ್ಟು, ಗುರುತಿನವರನ್ನು ಕಂಡು ನಗುತ್ತ, ಮೆಲ್ಲಮೆಲ್ಲನೆ ಮಗಳಾಗಿಬಿಡುತ್ತಿದ್ದಳು. ಕಳಸವಳ್ಳಿಯ ದಡದಲ್ಲಿ ಹಾಳೆಯ ಟೋಪಿ ತೊಟ್ಟು ಕಾದು ನಿಂತ ಸೋದರಮಾವನು ಮಕ್ಕಳ ಕೈಯಿಂದ ಟ್ರಂಕನ್ನು ಇಸಿದುಕೊಂಡು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ‘ಹೆದರಿದ್ರೇನ್ರೋ?’

ಮುಂದಿನ ಒಂದೂವರೆ ತಿಂಗಳು ಸ್ವರ್ಗವೆನ್ನಲು ಅಡ್ಡಿಯಿಲ್ಲ. ಅಡಿಕೆ ತೋಟದ ತಂಪು, ಹಳ್ಳದ ಮೇಲಿನ ಅಡಿಕೆ ದಬ್ಬೆಯ ಸಂಕ, ಬೆಟ್ಟದಲ್ಲಿ ಕವಳಿ ಹಣ್ಣು, ನೇರಳೆ, ಮುರುಗಲು. ಮಧ್ಯಾಹ್ನ ಅಜ್ಜಿಯು ಹಲಸಿನ ಹಪ್ಪಳ ಹಚ್ಚುವಾಗ ಹಿಟ್ಟಿನ ಉಂಡೆಯನ್ನು ಕದ್ದು ತಿನ್ನುವುದು. ಹಪ್ಪಳ ಒಣಹಾಕಿದ ಚಾಪೆಯನ್ನು ಕಾಗೆಗಳಿಂದ ಕಾಯುವ ನೆಪದಲ್ಲಿ ಅರ್ಧ ಚಾಪೆಯನ್ನು ಬರಿದು ಮಾಡುವುದು. ಶರಾವತಿಯ ದಂಡೆಯ ಅಪ್ಪೆಮಿಡಿ ಉಪ್ಪಿನ ಭರಣಿಗೆ ಇಳಿಯುತ್ತಿದ್ದುದೂ ಅದೇ ಹೊತ್ತಿನಲ್ಲಿ. ರಾತ್ರಿ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಊಟ. ಜಗಲಿಯಲ್ಲಿ ಸಾಲಾಗಿ ಹಾಸಿದ ಕಂಬಳಿಗಳ ಮೇಲೆ ಮಲಗಿ ಕಥೆ. ವಿದ್ಯುದ್ದೀಪವಿಲ್ಲದ ಆ ಕತ್ತಲೆಯು ಮಕ್ಕಳಿಗೆ ಕಥೆಯ ಒಂದು ಭಾಗವೇ ಆಗಿತ್ತು. ಊರಿಗೆ ಮರಳಿದ ಮೇಲೆ ಸಹಪಾಠಿಗಳೆದುರು ಜಂಬ ಕೊಚ್ಚಿಕೊಳ್ಳಲು ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೆ ಈ ದ್ವೀಪವು ಸೃಷ್ಟಿಯ ಆದಿಯಿಂದ ಇದ್ದುದಲ್ಲ. ಅಜ್ಜನಿಗಿಂತ ವಯಸ್ಸಿನಲ್ಲಿ ಚಿಕ್ಕದು. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದಾಗಲೇ ಕೆಲವು ಊರುಗಳು ನೀರಿಗೆ ಸಂದಿದ್ದವು. ಅದರ ಕೆಳಗೆ ಮತ್ತೂ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು ಎದ್ದು, 1964ರಲ್ಲಿ ನೀರು ನಿಂತಾಗ ಹಳೆಯ ಅಣೆಕಟ್ಟೆಯೇ ಮುಳುಗಿಹೋಯಿತು. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶರಾವತಿ ಯೋಜನೆಯನ್ನು ನಾಡಿಗೆ ಅರ್ಪಿಸಿದರು. ಜಲಾಶಯದ ತುಂಬುಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ತುಂಬಿ ನಿಂತಾಗ ಅದು ಹರಡುವುದು ಸುಮಾರು 300 ಚದರ ಕಿಲೋಮೀಟರು. ನಾಡಿನ ಕಾರ್ಖಾನೆಗಳು ತಿರುಗಿದವು, ಬೆಂಗಳೂರಿನ ಬೀದಿಗಳು ಬೆಳಗಿದವು. ಕರೂರು ಸೀಮೆಯ ತಗ್ಗಿನ ಗದ್ದೆಗಳು, ತೋಟಗಳು, ಸಾಗರದ ಪೇಟೆಗೆ ನಡೆದುಹೋಗುತ್ತಿದ್ದ ದಾರಿಗಳು ನೀರಿನಡಿಗೆ ಇಳಿದವು. ಮೂರು ಕಡೆ ನೀರು, ನಾಲ್ಕನೆಯ ಕಡೆ ಘಟ್ಟದ ದಟ್ಟ ಕಾಡು. ಭೂಗೋಳದ ಪುಸ್ತಕದಂತೆ ಇದು ಪರ್ಯಾಯ ದ್ವೀಪವಷ್ಟೆ. ಆದರೆ ಕೋಗಾರಿನ ಮೇಲಿನಿಂದಲೋ ನಿಟ್ಟೂರಿನ ಮೇಲಿನಿಂದಲೋ ಕಾಡನ್ನು ಬಳಸಿ ಸಾಗರವನ್ನು ಸೇರಬೇಕಾದವರಿಗೆ ಆ ವ್ಯತ್ಯಾಸದಿಂದ ಯಾವ ಉಪಕಾರವೂ ಆಗಲಿಲ್ಲ.

ಮಕ್ಕಳಿಗೆ ಇದನ್ನು ಯಾರೂ ಪಾಠದಂತೆ ಹೇಳಿಕೊಡಲಿಲ್ಲ. ಅವರು ಅದನ್ನು ಕಂಡುಕೊಂಡದ್ದು ಮೇ ತಿಂಗಳ ಒಂದು ಸಂಜೆಯ ನಡಿಗೆಯಲ್ಲಿ. ಬೇಸಗೆಯಲ್ಲಿ ಹಿನ್ನೀರು ದಿನದಿನಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಮುಳುಗಿದ ಕಾಡಿನ ಕರಿಯ ಬೊಡ್ಡೆಗಳು ತಲೆ ಎತ್ತುತ್ತವೆ. ಹಳೆಯ ರಸ್ತೆಯ ಗೆರೆ ಮೂಡುತ್ತದೆ. ಮತ್ತಷ್ಟು ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಆ ಹಳೆಯ ಅಣೆಕಟ್ಟೆಯೇ ಎದ್ದು ಕಾಣುತ್ತದೆ. ಅಂತಹ ದಿನಗಳಲ್ಲಿ ಅಜ್ಜನು ದೊಣ್ಣೆ ಹಿಡಿದು, ಮೊಮ್ಮಕ್ಕಳನ್ನು ಹಿಂದಿಟ್ಟುಕೊಂಡು, ಬಿರುಕು ಬಿಟ್ಟ ಕೆಸರಿನ ಮೇಲೆ ಕೆಳಕ್ಕೆ, ಇನ್ನೂ ಕೆಳಕ್ಕೆ ನಡೆಯುತ್ತಿದ್ದನು. ಒಂದೆಡೆ ಜಂಬಿಟ್ಟಿಗೆ ಕಲ್ಲಿನ ಮೂರು ಮೆಟ್ಟಿಲುಗಳು. ಮೆಟ್ಟಿಲ ಮೇಲೆ ಮನೆಯಿಲ್ಲ.

‘ಇದು ಹೆಬ್ಬಾಗಿಲು, ತಮ್ಮಾ. ಇಲ್ಲಿ ಕಾಲು ತೊಳೆದುಕೊಂಡು ಒಳಗೆ ಬರಬೇಕು,’ ಎನ್ನುತ್ತಿದ್ದನು ಅಜ್ಜ. ಒಳಗೆ ಎಂದು ತೋರಿದ ಕಡೆ ಒಣಗಿದ ಮಣ್ಣಷ್ಟೆ. ‘ಅದು ಬಾವಿ. ಅದು ತುಳಸಿಕಟ್ಟೆ. ನಿನ್ನ ತಾಯಿ ಹುಟ್ಟಿದ್ದು ಆ ಮೂಲೆಯ ಕೋಣೆಯಲ್ಲಿ.’ ಮೊಮ್ಮಕ್ಕಳು ನಗುತ್ತ, ಇಲ್ಲದ ಬಾಗಿಲನ್ನು ತೆರೆದು, ಇಲ್ಲದ ಜಗಲಿಯನ್ನು ಹತ್ತಿ ಆಡುತ್ತಿದ್ದರು. ಅಜ್ಜನು ಮೆಟ್ಟಿಲ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದನು, ಕತ್ತಲಾಗುವವರೆಗೂ ಏಳುತ್ತಿರಲಿಲ್ಲ.

ನೀರು ಬರುವುದೆಂದು ತಿಳಿದಾಗ ಅವನು ಆ ಮನೆಯ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿಸಿ ಮೇಲಿನ ದಿಬ್ಬಕ್ಕೆ ಹೊರಿಸಿ ಹೊಸ ಮನೆ ಕಟ್ಟಿದ್ದನು. ಮಕ್ಕಳು ರಾತ್ರಿ ಒರಗಿ ಕಥೆ ಕೇಳುತ್ತಿದ್ದ ಕಂಬವು ಈ ಮೆಟ್ಟಿಲುಗಳ ಮೇಲಣ ಕಂಬವೇ. ಹೊತ್ತು ತರಲಾಗದೆ ಉಳಿದದ್ದು ಮೆಟ್ಟಿಲು, ಬಾವಿ, ಗದ್ದೆ. ಮೊಮ್ಮಕ್ಕಳಿಗೆ ರಜೆಯಿದ್ದಂತೆ ಅಜ್ಜನಿಗೂ ಅದು ವರ್ಷಕ್ಕೊಮ್ಮೆ ತನ್ನ ಮನೆಗೆ ಹೋಗಿಬರುವ ಕಾಲವಾಗಿತ್ತು. ಜೂನಿನಲ್ಲಿ ಮಳೆ ಹಿಡಿದು ಶಾಲೆ ತೆರೆಯುತ್ತಿತ್ತು. ಅತ್ತ ನೀರೂ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬರುತ್ತಿತ್ತು. ಇಬ್ಬರ ರಜೆಯೂ ಒಟ್ಟಿಗೆ ಮುಗಿಯುತ್ತಿತ್ತು.

ರಜೆಗೆ ಬಂದವರು ಕಾಣದ ದ್ವೀಪ ಇನ್ನೊಂದಿತ್ತು. ಕತ್ತಲಾದೊಡನೆ ಲಾಂಚು ನಿಲ್ಲುತ್ತಿತ್ತು. ಆಮೇಲೆ ಹೆರಿಗೆಯ ನೋವು ಬಂದರೂ, ಹಾವು ಕಚ್ಚಿದರೂ, ಮುದುಕರಿಗೆ ಉಬ್ಬಸ ಹತ್ತಿದರೂ ಬೆಳಗಿನವರೆಗೆ ಕಾಯಬೇಕು. ಇಲ್ಲವೆ ಕಾಡಿನ ದಾರಿಯನ್ನು ಸುತ್ತಬೇಕು. ಮಳೆಗಾಲದಲ್ಲಿ ಗಾಳಿ ಎದ್ದರೆ ದಾಟುವಂತಿಲ್ಲ. ಮಳೆ ತಡವಾದ ವರ್ಷಗಳಲ್ಲಿ ನೀರು ತೀರ ಇಳಿದು ಲಾಂಚು ದಡ ಮುಟ್ಟುವುದೇ ಕಷ್ಟ. ಮಕ್ಕಳಿಗೆ ಮುದ್ದಾಗಿದ್ದ ಆ ಚಿಮಣಿ ಬುಡ್ಡಿಯ ಬೆಳಕು, ನಾಡಿಗೆಲ್ಲ ವಿದ್ಯುತ್ತು ಕೊಟ್ಟ ಸೀಮೆಯ ಬೆಳಕಾಗಿತ್ತು. ಮುಳುಗಡೆಯಾದ ಎಷ್ಟೋ ಕುಟುಂಬಗಳು ತಾವು ಉಳುವ ಬದಲಿ ನೆಲದ ಹಕ್ಕಿಗಾಗಿ ಆರು ದಶಕ ಕಳೆದ ಮೇಲೂ ಹೋರಾಡಬೇಕಾಗಿ ಬಂದುದನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಅರಿಯದವರಿಲ್ಲ.

ಈ ಬಾಳನ್ನು ಕನ್ನಡದ ಓದುಗರ ಮನೆಬಾಗಿಲಿಗೆ ತಂದವರು ಸಾಗರದ ನಾ. ಡಿ’ಸೋಜಾ ಅವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕೆಲಸವನ್ನು ಹತ್ತಿರದಿಂದ ಕಂಡಿದ್ದ ಅವರು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದಾಗ ಅದಕ್ಕೆ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಂದಿತು. ನೀರು ಏರುತ್ತಿದ್ದರೂ ಮನೆ ಬಿಡಲೊಲ್ಲದ ಸಂಸಾರದ ಆ ಕಥೆಯನ್ನು ನೋಡಿ, ಊರಿನ ಟಾಕೀಸಿನಲ್ಲಿ ಕುಳಿತಿದ್ದ ಎಷ್ಟು ಮಂದಿ ತಮ್ಮ ರಜೆಯ ದಿನಗಳನ್ನು ಬೇರೆ ಕಣ್ಣಿನಿಂದ ಕಂಡರೋ ಹೇಳಲಾಗದು. ಡಿ’ಸೋಜಾ ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ಉದ್ಘಾಟನೆಗೊಂಡಿತು. ಎರಡು ಕಿಲೋಮೀಟರಿಗೂ ಮೀರಿದ, ಉಕ್ಕಿನ ಹಗ್ಗಗಳಿಂದ ತೂಗಿ ನಿಂತ ಭಾರೀ ಸೇತುವೆ. ಲಾಂಚಿಗಾಗಿ ಗಂಟೆಗಟ್ಟಲೆ ಕಾದು ದಾಟುತ್ತಿದ್ದ ನೀರನ್ನು ಈಗ ಮೋಟಾರು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ದ್ವೀಪವು ದ್ವೀಪವಾಗಿ ಉಳಿಯಲಿಲ್ಲ.

ಇದನ್ನು ಕೇಳಿ ಖೇದಪಟ್ಟವರುಂಟು. ಇಂದು ತಾವೇ ಅಜ್ಜ ಅಜ್ಜಿಯರಾದ, ಅಂದಿನ ರಜೆಯ ಮಕ್ಕಳು ಅವರು. ಲಾಂಚಿನ ಸದ್ದಿಲ್ಲದ ತವರು ಅದೆಂತಹ ತವರು ಎಂದು ಅವರಿಗೆ ಅನಿಸುವುದು ಸಹಜವೇ. ಮೆಡಿಟರೇನಿಯನ್ನಿನ ಮಾಲ್ಟಾ ದೇಶದಲ್ಲಿಯೂ ಗೋಜೋ ಎಂಬ ಚಿಕ್ಕ ದ್ವೀಪವನ್ನು ದೊಡ್ಡ ದ್ವೀಪದೊಡನೆ ಸಮುದ್ರದಡಿಯ ಸುರಂಗದಿಂದ ಕೂಡಿಸಬೇಕೇ ಬೇಡವೇ ಎಂಬ ವಾದ ವರ್ಷಗಳಿಂದ ನಡೆದಿದೆ. ಎಲ್ಲ ದ್ವೀಪಗಳಿಗೂ ಇಬ್ಬಗೆಯ ಒಡೆಯರು: ರಜೆಗೆ ಬರುವವರು, ವರ್ಷವಿಡೀ ಬಾಳುವವರು. ಮೊದಲಿನವರಿಗೆ ಬೇಕಾದುದು ದೂರ. ಎರಡನೆಯವರಿಗೆ ಬೇಕಾದುದು ದಾರಿ. ತುಮರಿಯ ಕಡೆಯ ಹಿರಿಯರನ್ನು ಕೇಳಿದರೆ, ನಡುರಾತ್ರಿ ದಡದಲ್ಲಿ ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗನ್ನು ಕಾದವರ ಮಾತೇ ಮೊದಲು ಬರುತ್ತದೆ. ಆ ಮಾತಿನೆದುರು ಲಾಂಚಿನ ಸೊಗಸು ತಲೆತಗ್ಗಿಸಬೇಕು.

ಹಾಗೆಂದು ನೆನಪು ಸುಳ್ಳಾಗುವುದಿಲ್ಲ. ತಮ್ಮ ಕಷ್ಟವನ್ನು ಮೊಮ್ಮಕ್ಕಳ ಎಲೆಗೆ ಬಡಿಸದೆ, ಹಪ್ಪಳವನ್ನೂ ಕಥೆಯನ್ನೂ ಮಾತ್ರ ಬಡಿಸಿದ ಹಿರಿಯರ ಔದಾರ್ಯದಿಂದಲೇ ಆ ರಜೆ ಅಷ್ಟು ಸಿಹಿಯಾಯಿತು. ತೊಗರ್ಸಿಯಿಂದ ಹೊರಟ ಮೋಟಾರು ಇಂದು ಸೇತುವೆಯ ಮೇಲೆ ನಿಲ್ಲದೆ ಓಡುತ್ತದೆ. ಆದರೆ ಮೇ ತಿಂಗಳಿನಲ್ಲಿ ಹೋದವರು ಕಳಸವಳ್ಳಿಯನ್ನು ಮುಟ್ಟಿದ ಮೇಲೆ ಒಂದು ಗಳಿಗೆ ಇಳಿದು, ಮಕ್ಕಳ ಕೈ ಹಿಡಿದು ನೀರಿನ ಅಂಚಿಗೆ ನಡೆದುಹೋಗುವುದು ಒಳ್ಳೆಯದು. ಸೇತುವೆ ಬಂದರೂ ಬೇಸಗೆಯಲ್ಲಿ ನೀರು ಇಳಿಯುವುದು ತಪ್ಪಿಲ್ಲ. ಕೆಸರಿನಿಂದ ಮೇಲೆದ್ದ ಯಾರದೋ ಮನೆಯ ಮೆಟ್ಟಿಲು ಕಂಡರೆ, ಅದನ್ನು ಹತ್ತುವ ಮೊದಲು ಕಾಲು ತೊಳೆದುಕೊಳ್ಳಬೇಕೆಂದು ಆ ಮಕ್ಕಳಿಗೂ ಹೇಳಬೇಕು.